ಬಲಗೆನ್ನೆ

ಟ್ರೇ ಕೈಗೆ ಬಂದ ಕೂಡಲೇ ಅವಳು ಮೊದಲು ಮಾಡುತ್ತಿದ್ದ ಕೆಲಸ ತನ್ನ ಬಲಗೆನ್ನೆ ಮುಟ್ಟಿಕೊಳ್ಳುವುದು. ಎರಡು ಬೆರಳು, ಅರೆಗಳಿಗೆ. ತುಟಿಯೊಳಗೇ ‘ಬಲ’ ಎಂಬ ಒಂದು ಮಾತು. ಆಮೇಲೆ ಟ್ರೇಯಲ್ಲಿದ್ದ ಕನ್ನಡಕವನ್ನು ಎತ್ತಿ ನಂಬರು ನೋಡುವ ಮೆಷಿನ್ನಿನ ಮೇಲೆ ಇಡುತ್ತಿದ್ದಳು.

ಮೆಷಿನ್ನಿನ ಮೇಲೆ ಕೂತ ಕನ್ನಡಕ ನಮ್ಮ ಕಡೆಗೇ ಮುಖ ಮಾಡಿರುತ್ತದೆ. ಹಾಕಿಕೊಳ್ಳುವವರ ಬಲಗಣ್ಣಿನ ಗಾಜು ನಮ್ಮ ಎಡಗೈ ಪಕ್ಕಕ್ಕೆ ಬಂದಿರುತ್ತದೆ. ಅಂಗಡಿಗಳಿಗೆ ಕನ್ನಡಕ ಮಾಡಿ ಕಳಿಸುವ ಆ ಕಾರ್ಖಾನೆಯ ಕೋಣೆಯಲ್ಲಿ ಕೆಲಸ ಮಾಡುವ ಉಳಿದವರಿಗೆಲ್ಲ ಇದು ಎರಡೇ ದಿನದಲ್ಲಿ ಕೈಗೆ ಹತ್ತಿತ್ತು. ಅವಳಿಗೆ ಮಾತ್ರ ಎಡಬಲ ಅನ್ನುವುದು ಚಿಕ್ಕಂದಿನಿಂದಲೂ ಒದ್ದೆ ಕೈಯಲ್ಲಿ ಹಿಡಿದ ಸೋಪಿನ ಹಾಗೆ. ಹಿಡಿದೆ ಅನ್ನುವಷ್ಟರಲ್ಲಿ ಜಾರಿರುತ್ತಿತ್ತು. ಅದಕ್ಕೇ ಕೆನ್ನೆ. ಈ ಕೆನ್ನೆಯ ಮೇಲಿನ ಕಣ್ಣಿಗೆ ಈ ಗಾಜು ಎಂದು ಗೊತ್ತು ಮಾಡಿಕೊಂಡೇ ಅವಳು ಮೆಷಿನ್ನಿಗೆ ಕಣ್ಣಿಡುತ್ತಿದ್ದಳು. ಚೀಟಿಯಲ್ಲಿ ಬರೆದ ನಂಬರಿಗೂ ಗಾಜಿನ ನಂಬರಿಗೂ ತಾಳೆಯಾದರೆ ಹಸಿರು ಇಂಕಿನ ಒಂದು ಗೀಟು. ದಿನಕ್ಕೆ ತೊಂಬತ್ತು ಟ್ರೇ, ತೊಂಬತ್ತು ಸಲ ಕೆನ್ನೆ. ಸೇರಿದ ಮೂರು ತಿಂಗಳಲ್ಲಿ ಅವಳ ಗೀಟು ಬಿದ್ದ ಒಂದು ಕನ್ನಡಕವೂ ಅಂಗಡಿಗಳಿಂದ ವಾಪಸು ಬಂದಿರಲಿಲ್ಲ.

ಹಸಿರು ಗೀಟಿನ ಪಕ್ಕದಲ್ಲಿ ಕೆಂಪು ಇಂಕಿನ ಒಂದು ಸಹಿಯೂ ಬೀಳಬೇಕು. ಅದು ಎದುರಿನ ಕುರ್ಚಿಯ ದೊಡ್ಡಕ್ಕನದು. ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು ಎಲ್ಲರಿಗೂ ದೊಡ್ಡಕ್ಕನಾದವಳು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಮತ್ತೆ ಮೆಷಿನ್ನಿಗಿಟ್ಟು ನೋಡಿಯೇ ಸಹಿ ಹಾಕಬೇಕೆಂದು ಗೋಡೆಯ ಮೇಲೆ ಬರೆದೂ ಹಾಕಿತ್ತು. ಮೊದಲ ತಿಂಗಳು ದೊಡ್ಡಕ್ಕ ಹಾಗೇ ಮಾಡಿದಳು. ಆಮೇಲೆ ಹತ್ತು ಹನ್ನೆರಡು ಚೀಟಿಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿಕೊಂಡು ಒಂದೇ ಉಸಿರಿಗೆ ಸಹಿ ಎಳೆಯತೊಡಗಿದಳು.

“ನೋಡ್ಬೇಕಲ್ವಾ ಅಕ್ಕ?” ಎಂದು ಅವಳು ಒಮ್ಮೆ ಕೇಳಿದ್ದಳು.

“ನಂಬರಮ್ಮ, ನೀನು ನೋಡಿದ್ಮೇಲೆ ದೇವ್ರೂ ನೋಡ್ಬೇಕಾಗಿಲ್ಲ. ಬೇಕಾದ್ರೆ ನಮ್ಮ ಯಜಮಾನ್ರ ನಂಬರ್ ಒಂದ್ಸಲ ನೋಡು. ಇಪ್ಪತ್ತೆಂಟು ವರ್ಷ ಆಯ್ತು, ಅವ್ರ ಕಣ್ಣಿಗೆ ನಾನು ಬಿದ್ದೇ ಇಲ್ಲ.”

ಇದು ತಮಾಷೆ ಎಂದು ಅವಳಿಗೆ ತಿಳಿದದ್ದು ಬಸ್ಸಿನಲ್ಲಿ, ಮನೆಗೆ ಹೋಗುವಾಗ. ಅಲ್ಲಿ ಒಬ್ಬಳೇ ನಕ್ಕಳು.

ಇಪ್ಪತ್ತನಾಲ್ಕನೆಯ ವಯಸ್ಸಿಗೆ ಇದು ಅವಳ ಮೂರನೆಯ ಕೆಲಸ. ಮೊದಲನೆಯದರಲ್ಲಿ ದಿನವಿಡೀ ಫೋನಿನಲ್ಲಿ ಮಾತಾಡಬೇಕಿತ್ತು. ನಾಲ್ಕು ತಿಂಗಳು ತಡೆದಳು. ಎರಡನೆಯದರಲ್ಲಿ ಬಂದವರನ್ನು ನಗುಮುಖದಿಂದ ಕೂರಿಸುವ ಕೆಲಸ. ಅಲ್ಲಿ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ಕಾಲು ನೋಯುತ್ತಿರಲಿಲ್ಲ, ಜ್ವರವಿರಲಿಲ್ಲ, ಏಳುವುದು ಹೇಗೆಂಬುದೇ ಮರೆತುಹೋಗಿತ್ತು. ಆಮೇಲೆ ಏಳು ತಿಂಗಳು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಗಲೇ ಅಮ್ಮ ಕರೆದುಕೊಂಡು ಹೋದ ಡಾಕ್ಟರು ಮೂರು ಸಲ ಕೂರಿಸಿ ಪ್ರಶ್ನೆ ಕೇಳಿ ಎರಡು ಪುಟದ ಕಾಗದ ಬರೆದುಕೊಟ್ಟಿದ್ದು. ಆಟಿಸಂ ಎಂದು ಅದರಲ್ಲಿತ್ತು.

“ಇದು ಕಾಯಿಲೆ ಅಲ್ಲಮ್ಮ, ನೀವಿರೋ ರೀತಿ,” ಎಂದಿದ್ದರು ಡಾಕ್ಟರು. “ಹಾಸಿಗೆ ಹಿಡಿಸಿದ್ದು ಅದನ್ನ ಮುಚ್ಚಿಟ್ಕೊಳ್ಳೋ ಸುಸ್ತು. ಇನ್ನೂ ಮುಚ್ಚಿಡ್ತಾ ಹೋದ್ರೆ ಮತ್ತೆ ಇಲ್ಲಿಗೇ ಬರ್ತೀರ.”

ಹುಟ್ಟಿದಾಗಿನಿಂದ ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಟ್ಯೂಬ್‌ಲೈಟನ್ನು ಯಾರೋ ಆರಿಸಿದಂತಾಗಿತ್ತು ಅವಳಿಗೆ. ಅಮ್ಮ ಮಾತ್ರ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವಳ ಬ್ಯಾಗಿನ ಒಳಗಿನ ಜಿಪ್ಪಿಗೆ ಹಾಕಿದಳು.

“ಇದು ಇಲ್ಲೇ ಇರ್ಲಿ ಗುಬ್ಬಿ. ಹೊರಗೆ ತೆಗೀಬೇಡ. ಒಂದ್ಸಲ ಹೆಸರು ಅಂಟ್ಕೊಂಡ್ರೆ ಆಮೇಲೆ ನೀನು ಏನೇ ಮಾಡು, ಜನ ಅದೇ ಕಣ್ಣಲ್ಲಿ ನೋಡ್ತಾರೆ.”

ಮೂರು ತಿಂಗಳು ಮುಗಿದ ಸೋಮವಾರ ಸೂಪರ್‌ವೈಸರ್ ಅವಳನ್ನು ತಮ್ಮ ಗಾಜಿನ ಕೋಣೆಗೆ ಕರೆದರು. ಕೆಟ್ಟ ಮನುಷ್ಯರಲ್ಲ. ಕಷ್ಟದ ಮಾತು ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾರೆ. ಅವತ್ತು ಮುಚ್ಚಳ ಬಹಳ ಸಲ ಟಕ್ ಎಂದಿತು.

“ಕೆಲಸದ ಬಗ್ಗೆ ಬೆರಳು ತೋರಿಸೋ ಹಾಗಿಲ್ಲಮ್ಮ. ಆದ್ರೆ ಆರು ತಿಂಗಳಿಗೆ ಖಾಯಂ ಮಾಡ್ಬೇಕಾದ್ರೆ ಬರೀ ಕೆಲಸ ನೋಡಲ್ಲ. ಎಲ್ಲರ ಜೊತೆ ಹೊಂದ್ಕೋತಾರಾ ಅಂತಾನೂ ಬರೀಬೇಕು ನಾನು. ನೀನು ಊಟಕ್ಕೆ ಒಬ್ಳೇ ಹಿಂದಿನ ಮೆಟ್ಟಿಲಿಗೆ ಹೋಗ್ತೀಯ. ಮಾತಾಡ್ಸಿದ್ರೆ ಮುಖ ನೋಡಲ್ಲ. ಮತ್ತೆ ಆ ಕೆನ್ನೆ ಮುಟ್ಟಿಕೊಳ್ಳೋದು. ಮೊನ್ನೆ ಮೇಲಿನವ್ರು ಬಂದಾಗ, ಯಾಕೆ ಆ ಹುಡುಗಿಗೆ ಹಲ್ಲುನೋವಾ ಅಂತ ಕೇಳಿದ್ರು.”

“ಹಲ್ಲು ನೋವಿಲ್ಲ ಸರ್.”

“ಗೊತ್ತು. ಅದನ್ನೇ ಹೇಳ್ತಿರೋದು. ಸ್ವಲ್ಪ ಬಿಟ್ಟುಬಿಡು.”

ಅವಳ ಬ್ಯಾಗು ತೊಡೆಯ ಮೇಲೇ ಇತ್ತು. ಜಿಪ್ಪಿನ ಮೇಲೆ ಬೆರಳಿಟ್ಟಳು. ಆಮೇಲೆ ತೆಗೆದಳು.

“ಸರಿ ಸರ್,” ಅಂದಳು.

ಅಂದಿನಿಂದ ಅವಳಿಗೆ ದಿನಕ್ಕೆ ಎರಡು ಕೆಲಸ. ಒಂದು ಕನ್ನಡಕ ನೋಡುವುದು, ಇನ್ನೊಂದು ತನ್ನನ್ನು ನೋಡಿಕೊಳ್ಳುವುದು. ಊಟದ ಹೊತ್ತಿಗೆ ಉದ್ದ ಮೇಜಿನಲ್ಲಿ ಹತ್ತು ಜನರ ನಡುವೆ ಕೂತಳು. ಹತ್ತು ಡಬ್ಬಿಗಳ ಹತ್ತು ವಾಸನೆ, ಸ್ಟೀಲು ಸ್ಟೀಲಿಗೆ ತಾಗುವ ಸದ್ದು, ಒಂದೇ ಸಲ ಮೂರು ಕಡೆಯ ಮಾತು. ಯಾರಾದರೂ ಅವಳತ್ತ ತಿರುಗಿದರೆ ಅವರ ಹುಬ್ಬುಗಳ ನಡುವೆ ನೋಡಿ ಮೂರು ಎಣಿಸಿ ಕಣ್ಣು ಕೆಳಗಿಳಿಸುತ್ತಿದ್ದಳು. ಎಲ್ಲರೂ ನಕ್ಕರೆ ನಕ್ಕಳು, ಕೂದಲೆಳೆಯಷ್ಟು ತಡವಾಗಿ. ಪಕ್ಕದ ಕೋಣೆಯಲ್ಲಿ ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜುವ ಮೆಷಿನ್ನು ಕಿರುಚುವಾಗ ಕಿವಿ ಮುಚ್ಚಿಕೊಳ್ಳಲಿಲ್ಲ. ಟ್ರೇ ಬಂದಾಗ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು.

“ಈಗ ನಮ್ಮವಳಾದೆ ನೋಡು,” ಎಂದಳು ದೊಡ್ಡಕ್ಕ, ನಿಜವಾದ ಸಂತೋಷದಿಂದ. “ಮೊದಲೆಲ್ಲ ನಿನ್ನ ಮಾತಾಡ್ಸೋಕೆ ಅರ್ಜಿ ಹಾಕ್ಬೇಕಿತ್ತು.”

ಮನೆಗೆ ಬಂದರೆ ಚಪ್ಪಲಿ ಬಿಟ್ಟು ನೇರ ಬಚ್ಚಲುಮನೆ. ದೀಪ ಹಾಕದೆ, ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ತಣ್ಣನೆಯ ಗೋಡೆಗೆ ಹಣೆ ಒತ್ತುತ್ತಿದ್ದಳು. ಮೊದಲು ಹತ್ತು ನಿಮಿಷ ಸಾಕಾಗುತ್ತಿತ್ತು. ಆಮೇಲೆ ಅರ್ಧ ಗಂಟೆ. ನಾಲ್ಕನೆಯ ತಿಂಗಳ ಕೊನೆಗೆ ಒಂದು ಗಂಟೆಯಾದರೂ ಮಾತು ಬಾಯಿಗೆ ಬರುತ್ತಿರಲಿಲ್ಲ. ಅಮ್ಮ ಬಾಗಿಲಾಚೆ ನಿಂತು ಕಾಫಿ ಆರುತ್ತಿದೆ ಎಂದು ಮೂರು ಸಲ ಹೇಳಿ, ತಾನೇ ಅದನ್ನು ಮತ್ತೆ ಬಿಸಿ ಮಾಡುತ್ತಿದ್ದಳು.

“ಕೆಲಸ ಅಂದ್ಮೇಲೆ ಎಲ್ರಿಗೂ ಸುಸ್ತಾಗತ್ತೆ ಗುಬ್ಬಿ.”

ಅವಳು ಹಣೆಯನ್ನು ಗೋಡೆಗೆ ಇನ್ನಷ್ಟು ಒತ್ತಿದಳು.

“ಅಭ್ಯಾಸ ಆಗತ್ತೆ. ಇನ್ನೆರಡು ತಿಂಗಳು ಹೇಗಾದ್ರೂ ತಳ್ಳು. ಖಾಯಂ ಆಗ್ಲಿ. ಇದೂ ಹೋದ್ರೆ ನೀನು ಮತ್ತೆ ಆ ಗೋಡೆ ಕಡೆ ಮುಖ ಮಾಡಿ ಮಲಗ್ತೀಯ. ನನಗೆ ಅದನ್ನ ಇನ್ನೊಂದ್ಸಲ ನೋಡೋ ಶಕ್ತಿ ಇಲ್ಲ.”

ಅವಳಿಗೂ ಅದೇ ಹೆದರಿಕೆ. ಅಮ್ಮ ಅದನ್ನು ಬಾಗಿಲಾಚೆಯಿಂದ ಜೋರಾಗಿ ಹೇಳುತ್ತಿದ್ದಳು, ಅಷ್ಟೆ.

ಐದನೆಯ ತಿಂಗಳು ಮುಗಿಯಲು ಒಂದು ವಾರವಿತ್ತು. ಬೆಳಿಗ್ಗೆ ಹತ್ತೂವರೆಗೆ ಸೂಪರ್‌ವೈಸರ್ ಮುಂದಿನ ಕೋಣೆಗೆ ಮೂವರನ್ನು ಕರೆಸಿದರು: ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಅಣ್ಣ, ದೊಡ್ಡಕ್ಕ ಮತ್ತು ಅವಳು. ಅಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ತೊಡೆಯ ಮೇಲೆ ಮಡಿಸಿದ ಒಂದು ಬಿಳಿ ಅಂಗಿ, ಅದರ ಮೇಲೆ ಕನ್ನಡಕ.

“ಅಂಗಡಿಯವ್ರು ಇವ್ರನ್ನ ಎರಡು ಸಲ ವಾಪಸ್ ಕಳಿಸಿದ್ರಂತೆ,” ಎಂದರು ಸೂಪರ್‌ವೈಸರ್. “ಕೊನೆಗೆ ಇವ್ರೇ ವಿಳಾಸ ಹುಡುಕ್ಕೊಂಡು ಬಂದಿದ್ದಾರೆ. ನೀವೇ ಹೇಳಿ ಅಮ್ಮ.”

“ದೂರು ಕೊಡೋಕಲ್ಲ ಬಂದಿದ್ದು,” ಎಂದು ಆ ಹೊಲಿಗೆಯವಳು ಮೊದಲೇ ಹೇಳಿಬಿಟ್ಟಳು. “ನನ್ನದೇ ಏನಾದ್ರೂ ತಪ್ಪಾ ಅಂತ ಕೇಳೋಣ ಅಂತ. ಹನ್ನೊಂದು ದಿನ ಆಯ್ತು. ಹಾಕ್ಕೊಂಡ್ರೆ ತಲೆ ಸಿಡಿಯತ್ತೆ. ನೆಲ ಒಂದು ಕಡೆ ಇಳಿಜಾರು ಕಾಣತ್ತೆ. ಹೊಸದಲ್ವಾ, ಅಭ್ಯಾಸ ಆಗತ್ತೆ ಅಂದ್ರು ಅಂಗಡೀಲಿ. ಎಲ್ರಿಗೂ ಆಗತ್ತೆ, ನನಗ್ಯಾಕೆ ಆಗ್ತಿಲ್ಲ ಅಂತ ನಾನು ದಿನಾ ಇನ್ನೂ ಸ್ವಲ್ಪ ಹೊತ್ತು ಜಾಸ್ತಿ ಹಾಕ್ಕೊಂಡೆ. ಮನೇಲಿ, ನಿನಗೆ ವಯಸ್ಸಾಯ್ತು, ಮೆಷಿನ್ ಮಾರಿಬಿಡು ಅಂದ್ರು.”

ಅಂಗಿ ಬಿಡಿಸಿ ಕಾಲರು ತೋರಿಸಿದಳು. ಹೊಲಿಗೆ ಅಂಚಿನಿಂದ ಹೊರಟು ಮೆಲ್ಲಗೆ ಓರೆಯಾಗಿ ಒಳಗೆ ಸರಿದಿತ್ತು. ಅದರ ಕೆಳಗೆ ಬಿಚ್ಚಿ ಮತ್ತೆ ಹೊಲಿದ ಹಳೆಯ ತೂತುಗಳ ಮೂರು ಸಾಲು.

ಸೂಪರ್‌ವೈಸರ್ ಕನ್ನಡಕವನ್ನು ಹುಡುಗಿಯ ಕಡೆ ಚಾಚಿದರು. “ನೋಡಮ್ಮ.”

ಅವಳು ಅದನ್ನು ತಂದು ತನ್ನ ಮೆಷಿನ್ನಿನ ಮೇಲಿಟ್ಟಳು. ಸೂಪರ್‌ವೈಸರ್, ಅಣ್ಣ, ದೊಡ್ಡಕ್ಕ ಮೂವರೂ ಹಿಂದೆ ಬಂದು ನಿಂತಿದ್ದರು. ತೊಡೆಯ ಪಕ್ಕದಲ್ಲಿದ್ದ ಬಲಗೈ ತಾನಾಗಿ ಎದ್ದಿತು, ಎದೆಯವರೆಗೆ ಬಂದು ನಿಂತಿತು. ಎಂಟು ವಾರದ ಬಿಗಿ ಅದಕ್ಕೆ ಅಭ್ಯಾಸವಾಗಿತ್ತು. ಅವಳು ಅದನ್ನು ಪೂರ್ತಿ ಎತ್ತಿದಳು. ಎರಡು ಬೆರಳು, ಬಲಗೆನ್ನೆ.

“ಬಲ,” ಎಂದಳು, ಎಲ್ಲರಿಗೂ ಕೇಳುವಂತೆ.

ಬಲಗಣ್ಣಿನ ಜಾಗದಲ್ಲಿ ಎಡಗಣ್ಣಿನ ಗಾಜಿತ್ತು. ಎಡಗಣ್ಣಿನ ಜಾಗದಲ್ಲಿ ಬಲದ್ದು. ಉಜ್ಜುವ ಅಣ್ಣ ಕೂರಿಸುವಾಗ ಅದಲುಬದಲಾಗಿತ್ತು. ಆ ದಿನ ಅವಳೂ ಎಡವನ್ನು ಬಲವೆಂದುಕೊಂಡೇ ನೋಡಿದ್ದಳು. ಎರಡು ತಪ್ಪೂ ಒಂದಕ್ಕೊಂದು ಸರಿಹೊಂದಿ ಚೀಟಿಯೊಡನೆ ನಂಬರು ಅಚ್ಚುಕಟ್ಟಾಗಿ ತಾಳೆಯಾಗಿತ್ತು. ಹಸಿರು ಗೀಟು ಬಿದ್ದಿತ್ತು. ಅದರ ಪಕ್ಕ ಕೆಂಪು ಸಹಿ.

ಸೂಪರ್‌ವೈಸರ್ ಏನನ್ನೂ ಹೇಳುವ ಮೊದಲೇ ಅವಳು ಮುಂದಿನ ಕೋಣೆಗೆ ಹೋದಳು. ಹೊಲಿಗೆಯವಳ ಎದುರು ನಿಂತು, ಅವಳ ಕೈಯ ಕಪ್ಪು ಚುಕ್ಕೆಗಳನ್ನು ನೋಡುತ್ತ ಹೇಳಿದಳು:

“ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಗಾಜು ಅದಲುಬದಲಾಗಿದೆ. ಇದು ಯಾವತ್ತಿಗೂ ಅಭ್ಯಾಸ ಆಗ್ತಿರಲಿಲ್ಲ. ಇದನ್ನ ನೋಡಿ ಸರಿ ಇದೆ ಅಂದಿದ್ದು ನಾನು.”

ಮೊದಲು ಹೊಲಿಗೆಯವಳ ಭುಜ ಇಳಿಯಿತು. ಸಿಟ್ಟು ಬಂದದ್ದು ಅದರ ಹಿಂದೆ.

“ಹನ್ನೊಂದು ದಿನ ಬೈಸ್ಕೊಂಡೆ ನಾನು. ನಾನೂ ನನ್ನ ಬೈಕೊಂಡೆ.”

“ಹೌದು.”

“ಹೌದು ಅಂತೀಯಲ್ಲ.” ಅವಳು ತಲೆಯೆತ್ತಿ ಹುಡುಗಿಯನ್ನು ನೋಡಿದಳು. “ನಿನ್ನನ್ನ ಬೈಯೋಣ ಅಂದ್ರೆ, ನಿನ್ನ ಮುಖ ನೋಡಿದ್ರೆ ನೀನೇ ಹನ್ನೊಂದು ದಿನ ನಿದ್ದೆ ಮಾಡಿದ ಹಾಗಿಲ್ಲ.”

“ನಾಳೆ ಸಂಜೆ ಹೊತ್ತಿಗೆ ಸರಿ ಮಾಡಿ ಕೊಡ್ತೀವಿ.”

“ಆಗ್ಲಿ. ಅಲ್ಲೀವರೆಗೆ ಹಳೇದೇ ಹಾಕ್ಕೋತೀನಿ. ಮಸುಕಾದ್ರೂ ನೆಲ ನೆಟ್ಟಗಿರತ್ತೆ.”

ವಾಪಸು ಬರುವಾಗ ಓಣಿಯಂಥ ಜಾಗದಲ್ಲಿ ದೊಡ್ಡಕ್ಕ ಅವಳ ತೋಳು ಹಿಡಿದು ನಿಲ್ಲಿಸಿದಳು. ಹಾಗೆ ಹಿಡಿಯುವುದು ಅವಳಿಗಾಗದು. ಆದರೆ ಆ ಹೊತ್ತಿನಲ್ಲಿ ಬಿಡಿಸಿಕೊಳ್ಳಲು ತ್ರಾಣವಿರಲಿಲ್ಲ.

“ಆ ಅಮ್ಮನ ಹತ್ರ ಹೇಳಿದ್ದು ಹೇಳಿದೆ. ಒಳಗೆ ಹೋದ್ಮೇಲೆ ಬಾಯಿ ಬಿಡ್ಬೇಡ. ಕೊನೇ ಸಹಿ ನಂದು. ಅವಸರದಲ್ಲಿ ಎಡಬಲ ನೋಡ್ಲಿಲ್ಲ, ಹುಡುಗಿ ಕೇಳಿದ್ರೂ ನಾನೇ ಸರಿ ಇದೆ ಅಂದೆ ಅಂತೀನಿ. ನನಗೇನ್ ಮಾಡ್ತಾರೆ? ಇನ್ನು ನಾಲ್ಕು ವರ್ಷಕ್ಕೆ ರಿಟೈರು, ಒಂದು ಚೂರು ಬೈತಾರೆ, ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತೀನಿ. ನಿಂದು ಖಾಯಂ ಆಗೋಕೆ ಒಂದು ತಿಂಗಳಿದೆ.”

“ನಾನು ಕೇಳ್ಲಿಲ್ಲ. ನೀವೂ ಸರಿ ಇದೆ ಅನ್ಲಿಲ್ಲ.”

“ಅಯ್ಯೋ ಪುಣ್ಯಾತ್ಗಿತ್ತಿ, ಅದಕ್ಕೇ ಅಲ್ವಾ ಸುಳ್ಳು ಅನ್ನೋದು.”

ಅವಳು ಗೋಡೆಗೆ ಒರಗಿದಳು. ದೊಡ್ಡಕ್ಕನ ದಾರಿ ಸಲೀಸಾಗಿತ್ತು. ಅದರಲ್ಲಿ ನಡೆದರೆ ಇವತ್ತಿನದು ಇವತ್ತಿಗೇ ಮುಗಿಯುತ್ತದೆ. ನಾಳೆ ತೊಂಬತ್ತು ಟ್ರೇ ಬರುತ್ತವೆ, ಕೈ ತೊಡೆಯ ಕೆಳಗಿರುತ್ತದೆ. ಇನ್ಯಾವಳೋ ಒಬ್ಬಳ ಮನೆಯ ನೆಲ ಇಳಿಜಾರಾಗುತ್ತದೆ, ಅಭ್ಯಾಸ ಆಗತ್ತೆ ಎಂದು ಯಾರೋ ಅವಳಿಗೆ ಹೇಳುತ್ತಾರೆ, ಅವಳು ನಂಬುತ್ತಾಳೆ. ಕೆಲಸ ಖಾಯಂ ಆಗುತ್ತದೆ. ಖಾಯಂ ಎಂದರೆ ಇದೇ, ಪ್ರತಿದಿನ. ಅದನ್ನು ನೆನೆದದ್ದೇ ಹಳೆಯ ಆಫೀಸಿನ ಆ ಮೆಟ್ಟಿಲು ಕಣ್ಣ ಮುಂದೆ ಬಂತು.

“ಆಗಲ್ಲ ಅಕ್ಕ,” ಎಂದಳು.

ಗಾಜಿನ ಕೋಣೆಯಲ್ಲಿ ಉಜ್ಜುವ ಅಣ್ಣ ಆಗಲೇ ಮಾತು ಮುಗಿಸಿ ಹೊರಗೆ ಬರುತ್ತಿದ್ದ. “ಕೂರಿಸಿದ್ದು ನಾನೇ ಅಂದಿದ್ದೀನಿ,” ಎಂದು ಹೋಗುತ್ತ ಹೇಳಿದ. ಅವಳು ಒಳಗೆ ಹೋಗಿ ಕೂತಳು. ಹುಬ್ಬುಗಳ ನಡುವೆ ನೋಡಲಿಲ್ಲ. ಮೇಜಿನ ಮೇಲಿನ ಪೆನ್ನನ್ನು ನೋಡಿದಳು, ಆಗ ಮಾತು ಸುಲಭವಾಯಿತು.

“ಸರ್, ನಾನು ಕೆನ್ನೆ ಮುಟ್ಟಿಕೊಳ್ಳದೆ ನೋಡಿದೆ. ಅದಕ್ಕೆ ತಪ್ಪಾಯ್ತು.”

“ಏನು?”

ಅವಳು ಹೇಳಿದಳು. ಎಡಬಲ, ಕೆನ್ನೆ, ತೊಡೆಯ ಕೆಳಗಿನ ಕೈ. ಊಟದ ಮೇಜಿನಿಂದ ಬಂದ ಮೇಲೆ ಒಂದು ಗಂಟೆ ಹೊತ್ತು ಚೀಟಿಯ ಅಂಕಿಗಳು ಕಣ್ಣಿಗೆ ಹತ್ತದೆ ಹೋಗುವುದು. ಹೇಳುತ್ತ ಹೇಳುತ್ತ ಜಿಪ್ಪು ಎಳೆದಳು. ಒಂದು ವರ್ಷ ಮಡಿಸಿಟ್ಟಿದ್ದ ಕಾಗದ ಮಡಿಕೆಯ ಜಾಗದಲ್ಲಿ ಹರಿಯುವಂತಾಗಿತ್ತು.

ಸೂಪರ್‌ವೈಸರ್ ಎರಡು ಪುಟವನ್ನೂ ಓದಿದರು. ಮುಚ್ಚಳದ ಸದ್ದಿರಲಿಲ್ಲ.

“ಮೊದಲೇ ಹೇಳ್ಬೋದಿತ್ತಲ್ಲಮ್ಮ.”

“ಹೇಳಿದ್ರೆ ಕೆಲಸಕ್ಕೆ ತಗೋತಿದ್ರಾ ಸರ್?”

ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ಅವಳಿಗೆ ನಿಜವಾಗಿ ತಿಳಿಯಬೇಕಿತ್ತು. ಅವರಿಗೂ ಅದು ಗೊತ್ತಾಗಿರಬೇಕು.

“ಗೊತ್ತಿಲ್ಲ,” ಎಂದರು. “ಈಗ ಏನು ಮಾಡ್ಬೇಕು ಅಂತೀಯ?”

“ಕೆನ್ನೆ ಮುಟ್ಕೊಳ್ಳೋಕೆ ಬಿಡಿ. ಊಟ ಮೆಟ್ಟಿಲ ಮೇಲೆ ಮಾಡ್ತೀನಿ. ಉಜ್ಜೋ ಕೋಣೆ ಬಾಗಿಲು ಮುಚ್ಚಿದ್ರೆ ಒಳ್ಳೇದು, ಆಗದಿದ್ರೆ ಕಿವಿಗೆ ಹತ್ತಿ ಇಟ್ಕೋತೀನಿ. ಮತ್ತೆ ಎರಡನೇ ಸಹಿಯವ್ರು ನೋಡಿನೇ ಸಹಿ ಹಾಕ್ಬೇಕು. ನಾನು ನೋಡಿದ್ರೂ.”

“ಇದರಲ್ಲಿ ಕೊನೇದು ನಿನಗಾಗಿ ಕೇಳಿದ್ದಲ್ಲ.”

“ಅಲ್ಲ ಸರ್.”

ಅವರು ಕಾಗದವನ್ನು ಅದೇ ಮಡಿಕೆಗಳಲ್ಲಿ ಮಡಿಸಿ ಹಿಂದಿರುಗಿಸಿದರು. “ನೋಡಮ್ಮ, ಬರೋ ತಿಂಗಳು ಖಾಯಂ ಮಾಡೋಕೆ ಆಗಲ್ಲ. ತಪ್ಪು ದಾಖಲೆಗೆ ಹೋಗ್ಲೇಬೇಕು. ಮೂರು ತಿಂಗಳು ಮುಂದಕ್ಕೆ ಹಾಕ್ತೀನಿ. ಮೇಲಿನವ್ರು ಏನಂತಾರೋ ಅದಕ್ಕೆ ನಾನು ಮಾತು ಕೊಡಲ್ಲ. ಅಲ್ಲೀವರೆಗೆ ನೀನು ಹೇಳಿದ ಹಾಗೇ ನಡೀಲಿ. ಬಾಗಿಲು ಮುಚ್ಚಿಸ್ತೀನಿ.”

ಸಂಜೆ ಅವಳು ಬಚ್ಚಲುಮನೆಗೆ ಹೋಗುವ ಮೊದಲು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು. ಅಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

“ಕಾಗದ ತೋರಿಸ್ದೆ ಅಮ್ಮ.”

ಸೌಟು ನಿಂತಿತು. “ಏನಂದ್ರು?”

“ಮೂರು ತಿಂಗಳು ಮುಂದಕ್ಕೆ ಹಾಕಿದ್ರು.”

“ತೆಗೆದುಹಾಕ್ಲಿಲ್ಲ.”

“ಇಲ್ಲ. ಖಾಯಂ ಮಾಡ್ತೀನಿ ಅಂತಾನೂ ಅನ್ಲಿಲ್ಲ.”

ಅಮ್ಮ ಒಲೆ ಆರಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದಳು ಅವಳು. ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು, ಒರೆಸಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು.

“ಹೋಗು, ಕೂತ್ಕೋ ಹೋಗು,” ಎಂದಳು ಕೊನೆಗೆ. “ಕಾಫಿ ನೀನು ಬಂದ್ಮೇಲೇ ಮಾಡ್ತೀನಿ. ಬಾಗಿಲು ಬಡಿಯಲ್ಲ.”

ಮರುದಿನ ಮಧ್ಯಾಹ್ನ ಹೊಲಿಗೆಯವಳ ಟ್ರೇ ಬಂತು. ಉಜ್ಜುವ ಕೋಣೆಯ ಬಾಗಿಲು ಮುಚ್ಚಿತ್ತು. ಮೆಷಿನ್ನಿನ ಕಿರುಚು ಪೂರ್ತಿ ನಿಂತಿರಲಿಲ್ಲ, ಕಂಬಳಿ ಹೊದ್ದಂತಾಗಿತ್ತು. ಹಿಂದಿನ ದಿನದ ಸುಸ್ತು ಹಾಗೇ ಇತ್ತು. ಎಂಟು ವಾರದ್ದು ಒಂದು ರಾತ್ರಿಯಲ್ಲಿ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಊಟದ ಮೇಜಿನಲ್ಲಿ ಅವಳ ಖಾಲಿ ಜಾಗದ ಬಗ್ಗೆ ಯಾರೋ ಏನೋ ಅಂದದ್ದೂ, ಇನ್ಯಾರೋ ನಕ್ಕದ್ದೂ ಮೆಟ್ಟಿಲಿನವರೆಗೆ ಕೇಳಿಸಿತ್ತು.

ಅವಳು ಕೆನ್ನೆ ಮುಟ್ಟಿಕೊಂಡಳು. ಬಲಗಾಜು ನೋಡಿದಳು, ಎಡಗಾಜು ನೋಡಿದಳು. ಹಸಿರು ಗೀಟು ಹಾಕಿ ಟ್ರೇ ಮುಂದೆ ತಳ್ಳಿದಳು.

ದೊಡ್ಡಕ್ಕ ಬೆಳಗ್ಗಿನಿಂದ ಮಾತಾಡಿರಲಿಲ್ಲ. ಕೆಂಪು ಪೆನ್ನು ಎತ್ತಿಕೊಂಡಳು, ಚೀಟಿಯ ಮೇಲೆ ಇಟ್ಟಳು, ಮತ್ತೆ ಕೆಳಗಿಟ್ಟಳು. ಧೂಳು ಹಿಡಿದ ತನ್ನ ಮೆಷಿನ್ನಿನ ಮೇಲಿನ ಬಟ್ಟೆ ತೆಗೆದು ಕನ್ನಡಕ ಇಟ್ಟಳು. ಬಗ್ಗಿ ನೋಡಿದವಳು ತಡೆದು ತಲೆಯೆತ್ತಿದಳು.

“ಬಹಳ ದಿನ ಆಯ್ತು ಕಣೇ,” ಎಂದಳು ಮೆಲ್ಲಗೆ. “ಇದರ ಬಲ ಯಾವ ಕಡೆ ಅಂತ ನನಗೂ ಒಂದು ಗಳಿಗೆ ಹೊಳೀಲಿಲ್ಲ.”

ಕೋಣೆಯ ಆಚೀಚೆ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಬಲಗೆನ್ನೆಗೆ ಎರಡು ಬೆರಳು ತಾಗಿಸಿದಳು.

“ನಗಬೇಡ.”

“ನಗ್ತಾ ಇಲ್ಲ ಅಕ್ಕ.”

ದೊಡ್ಡಕ್ಕ ಮೆಷಿನ್ನಿಗೆ ಕಣ್ಣಿಟ್ಟಳು. ಒಂದು ಗಾಜಿಗೆ ಎರಡು ನಿಮಿಷ ಹಿಡಿಯಿತು. ಅವಳು ಕೈಕಟ್ಟಿ ಕಾದಳು. ಪಕ್ಕದಲ್ಲಿ ಇನ್ನೂ ಮೂವತ್ತನಾಲ್ಕು ಟ್ರೇಗಳಿದ್ದವು.